ಆರನೆಯ ಮಾಸ್ಕು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕುಮಾರಸ್ವಾಮಿ ಉರಿದುಕೊಂಡೇ ಠಾಣೆಗೆ ಬಂದರು. ನೌಕಾದಳದಿಂದ ನಿವೃತ್ತರಾದ ಮನುಷ್ಯ. ನೀರಿಗೆ ಬಿದ್ದವರನ್ನು ಮೇಲೆತ್ತುವ ವಿದ್ಯೆಯನ್ನು ಗುಂಡ್ಲುಪೇಟೆ ಹತ್ತಿರದ ಕೆರೆಯೊಂದರಲ್ಲಿ ಹನ್ನೆರಡು ಜನಕ್ಕೆ ಕಲಿಸುತ್ತಿದ್ದರು. ಅವರ ಶೆಡ್ಡಿನಿಂದ ಒಂದು ಮಾಸ್ಕು, ಉಸಿರಾಡುವ ಸ್ನಾರ್ಕೆಲ್ ಕೊಳವೆ, ಕಾಲಿಗೆ ಹಾಕುವ ಒಂದು ಜೊತೆ ರಬ್ಬರ್ ಫಿನ್ ಕಳುವಾಗಿವೆ ಎಂಬುದು ದೂರು.

ಇನ್‌ಸ್ಪೆಕ್ಟರ್ ಗಿರೀಶ್ ಎಫ್‌ಐಆರ್ ದಾಖಲಿಸಿಕೊಂಡು ಕಾನ್‌ಸ್ಟೆಬಲ್ ಶಿವರಂಜಿನಿಯನ್ನು ಜೊತೆಗೆ ಕರೆದರು. ಆ ಹನ್ನೆರಡು ಜನರಲ್ಲಿ ಅವಳೂ ಒಬ್ಬಳು. ನಾಲ್ಕು ದಿನ ಕೆರೆ ನೀರು ಕುಡಿದದ್ದೇ ಬಂತು, ಪಾಪ, ಕೊಳವೆಯೊಳಗಿನ ನೀರನ್ನು ಒಂದೇ ಉಸಿರಿಗೆ ಊದಿ ಹೊರಗೆ ಹಾಕುವುದು ಅವಳಿಗೆ ಇನ್ನೂ ಒಲಿದಿರಲಿಲ್ಲ.

ಹನ್ನೊಂದೂವರೆಗೆ ಪಂಚನಾಮೆ. ಕಿಟಕಿಯ ಸರಳೊಂದು ಕಿತ್ತುಬಂದಿತ್ತು. ಮೇಜಿನ ಮೇಲೆ ಹೆಚ್ಚುವರಿಯಾಗಿ ಇಟ್ಟಿದ್ದ ಐದು ಮಾಸ್ಕುಗಳು ಸಾಲಾಗಿ ಕೂತಿದ್ದವು. ಆರನೆಯದು ಇರಲಿಲ್ಲ.

“ಐದನ್ನೂ ಯಾಕೆ ಬಿಟ್ಟ?” ಎಂದರು ಗಿರೀಶ್.

ಶಿವರಂಜಿನಿ ಬಗ್ಗಿ ನೋಡಿದಳು. ಒಂದರ ಪಟ್ಟಿಯೂ ಅಲುಗಿರಲಿಲ್ಲ. ಆದರೆ ಒಳಗಿನ ರಬ್ಬರಿನ ಮೇಲೆಲ್ಲ ಬೆವರಿನ ಗುರುತು.

“ಒಂದೊಂದನ್ನೇ ಮುಖಕ್ಕೆ ಒತ್ತಿ ನೋಡಿದಾನೆ ಸಾರ್. ಪಟ್ಟಿ ಹಾಕದೆ ಮೂಗಿನಿಂದ ಉಸಿರೆಳೆದರೆ ಸರಿಯಾದ ಮಾಸ್ಕು ತಾನಾಗಿ ಅಂಟಿಕೊಳ್ಳುತ್ತೆ. ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದು. ಕ್ಲಾಸು ಕೇಳಿಸಿಕೊಂಡವನೇ ಇವನು.”

ಹನ್ನೆರಡು ಜನರನ್ನೂ ವಿಚಾರಿಸಿದ್ದಾಯಿತು. ಎಲ್ಲರೂ ಊರಿನಲ್ಲೇ ಇದ್ದರು, ಎಲ್ಲರ ಸಾಮಾನೂ ಲೆಕ್ಕಕ್ಕೆ ಸಿಕ್ಕಿತು. ಮತ್ತೆ ಇನ್ಯಾರು ಎಂದು ತಲೆ ಕೆರೆದುಕೊಳ್ಳುತ್ತ ಪೊಲೀಸರಿಬ್ಬರೂ ಸಂಜೆ ನಾಲ್ಕಕ್ಕೆ ಅಪ್ಸರ್ ಪಾಷಾನ ಟೀ ಅಂಗಡಿಗೆ ಬಂದರು. ಏರಿಯ ಮೇಲೇ ಇದ್ದ ಅಂಗಡಿ. ಕ್ಲಾಸು ನೋಡಲು ನಿಲ್ಲುವವರೆಲ್ಲ ಅವನ ಗಿರಾಕಿಗಳು.

“ದಿನಾ ಬರ್ತಿದ್ದೋನು ಮಾರಯ್ಯ ಒಬ್ನೇ ಮೇಡಂ,” ಎಂದ ಪಾಷಾ. “ಇವತ್ತು ಬೆಳಿಗ್ಗೆ ಮೀಸೆ ಬೋಳಿಸ್ಕೊಂಡು ಬಂದಿದ್ದ! ನಾನು ಗಾಬ್ರಿ ಬಿದ್ದು, ಯಾರ್ ತೀರ್ಕೊಂಡ್ರಪ್ಪಾ ಅಂದೆ. ಯಾರೂ ಇಲ್ಲ ಕಣ ಸುಮ್ಕಿರು ಅಂದ. ಮೂಟೆ ಹೊತ್ಕೊಂಡು ಭೀಮನಬೀಡು ಬಸ್ ಹತ್ಬುಟ್ಟ.”

ಮಾರಯ್ಯ! ಸುತ್ತ ಹತ್ತೂರಿನಲ್ಲಿ ಯಾರೇ ನೀರಿಗೆ ಬೀಳಲಿ, ಹೆಣ ತೆಗೆಯಲು ಅವನನ್ನೇ ಕರೆಯಬೇಕು. ವಯಸ್ಸು ಅರವತ್ತರ ಹತ್ತಿರ. ಅವನ ಗಿರಿಜಾಮೀಸೆ ಅವನಿಗಿಂತ ಮೊದಲು ಊರು ಸೇರುತ್ತಿತ್ತು. ಅಪ್ಪ ಸತ್ತಾಗ ಬಿಟ್ಟರೆ ಅದಕ್ಕೆ ಕತ್ತಿ ಮುಟ್ಟಿರಲಿಲ್ಲ.

ಶಿವರಂಜಿನಿ ಟೀ ಲೋಟ ಕೆಳಗಿಟ್ಟಳು. “ಮೀಸೆ ಇದ್ದರೆ ಮಾಸ್ಕಿನೊಳಕ್ಕೆ ನೀರು ನುಗ್ಗುತ್ತೆ ಸಾರ್. ನಮ್ಮ ಕ್ಲಾಸಿನ ರೇವಂತ್ ಬೋಳಿಸಲ್ಲ ಅಂತ ಹಟ ಹಿಡಿದು ವ್ಯಾಸಲೀನ್ ಬಳಿದುಕೊಂಡಿದ್ದ.”

ಭೀಮನಬೀಡು ಎಂದಾಕ್ಷಣ ಇಬ್ಬರಿಗೂ ಇನ್ನೊಂದು ಫೈಲು ನೆನಪಾಯಿತು. ಹನ್ನೊಂದು ದಿನದ ಹಿಂದೆ, ಅಲ್ಲಿನ ಹಳೆಯ ಕಲ್ಲುಕ್ವಾರಿಯ ಹೊಂಡಕ್ಕೆ ಬಟ್ಟೆ ಒಗೆಯಲು ಹೋದ ಭಾಗ್ಯ ಎಂಬ ಹೆಂಗಸು ಮನೆಗೆ ಮರಳಲಿಲ್ಲ. ದಡದಲ್ಲಿ ಬಟ್ಟೆಯ ಬುಟ್ಟಿ, ಚಪ್ಪಲಿ ಸಿಕ್ಕವು. ಹೆಣ ಸಿಗಲಿಲ್ಲ. ಊರಿನ ನಾಲಿಗೆಗೆ ಅಷ್ಟೇ ಸಾಕಾಯಿತು. ಚಪ್ಪಲಿ ಬಿಟ್ಟು ನಾಟಕ ಆಡಿದಳು, ಯಾರದೋ ಹಿಂದೆ ಓಡಿಹೋದಳು ಎಂದು ಹಬ್ಬಿಸಿದರು. ಅವಳ ತಾಯಿ ಸಣ್ಣಮ್ಮ ಮಾತ್ರ ಬೆಳಗಾದರೆ ಹೊಂಡದ ದಡಕ್ಕೆ ಬಂದು ಕೂರುತ್ತಿದ್ದಳು.

ಮಾರ್ಚ್ ಹನ್ನೆರಡು, ಬೆಳಿಗ್ಗೆ ಆರು ನಲವತ್ತು. ಮಾಲು ಗುರುತಿಸಲು ಕುಮಾರಸ್ವಾಮಿಯೂ ಬಂದರು. ಹೊಂಡದ ನಡುವೆ ಮಾರಯ್ಯ ಬೋರಲು ತೇಲುತ್ತಿದ್ದ. ಕೊಳವೆಯ ತುದಿ ಮಾತ್ರ ನೀರಿನ ಮೇಲೆ.

ಅಬ್ಬಾ, ಅದು ಎಂಥ ಈಜು! ಮಂಡಿ ಮಡಿಸದೆ ಸೊಂಟದಿಂದ ಕಾಲು ಆಡಿಸುತ್ತಿದ್ದ. ನೀರು ಸಿಡಿಯುತ್ತಲೂ ಇರಲಿಲ್ಲ. ಆಮೇಲೆ ಸೊಂಟ ಬಗ್ಗಿಸಿದ, ಎರಡು ಕಾಲೂ ಮೇಲೆದ್ದವು, ಮನುಷ್ಯ ನೆಟ್ಟಗೆ ಕೆಳಗೆ ಇಳಿದುಹೋದ. ಶಿವರಂಜಿನಿ ಎಣಿಸಿದಳು. ಎಂಬತ್ತು ಸೆಕೆಂಡು. ಮೇಲೆ ಬಂದವನು ಒಂದೇ ಉಸಿರಿಗೆ ಊದಿ ಕೊಳವೆ ಖಾಲಿ ಮಾಡಿದ.

“ನಾಲ್ಕು ದಿನ ದಡದಲ್ಲಿ ನಿಂತು ನೋಡಿದ್ದಷ್ಟೇ ಕಣ್ರೀ,” ಎಂದರು ಕುಮಾರಸ್ವಾಮಿ. ಸಿಟ್ಟು ಎಲ್ಲಿ ಹೋಯಿತೋ, ಅವರ ಕಣ್ಣು ತುಂಬಿತ್ತು. “ನಾನು ವರ್ಷಗಟ್ಟಲೆ ಕಲಿತದ್ದು.”

“ಮಾರಯ್ಯಾ, ದಡಕ್ಕೆ ಬಾ!” ಎಂದು ಗಿರೀಶ್ ಕೂಗಿದರು.

ಓಡಿಹೋಗುವ ಆಸಾಮಿಯಲ್ಲ ಅವನು. ಬಂದು ಎದುರು ನಿಂತ.

“ಕದ್ದದ್ದು ನೀನೇನಾ?”

“ನಾನೇ ಸಾ.”

“ಕೇಳಿದ್ದರೆ ಕೊಡ್ತಿರಲಿಲ್ಲವಾ?”

“ಕೇಳ್ದೆ. ಸರ್ಟಿಪಿಕೇಟ್ ಇಲ್ದೋರು ಮುಟ್ಟಂಗಿಲ್ಲ ಅಂದ್ರು.” ಕುಮಾರಸ್ವಾಮಿ ತಲೆ ತಗ್ಗಿಸಿದರು. “ಭಾಗ್ಯವ್ವ ಸಿಕ್ಕವ್ಳೆ ಸಾ. ಕಲ್ಲಿನ ಅಡೀಲಿ ಅವ್ಳೆ, ಸೀರೆ ಕಬ್ಬಿಣದ ಹಗ್ಗಕ್ಕೆ ಸಿಕ್ಕಾಕ್ಕೊಂಡದೆ. ಒಬ್ನ ಕೈಲಿ ಆಗ್ತಾ ಇಲ್ಲ. ಇನ್ನೊಂದ್ಸಲ ಇಳಿಯಕ್ಕೆ ಬುಡಿ, ಆಮ್ಯಾಕೆ ಕೋಳ ಹಾಕಿ.”

ಗಿರೀಶ್ ಗಡಿಯಾರ ನೋಡಿಕೊಂಡರು. “ಶಿವರಂಜಿನಿ, ನೀರಿಗಿಳಿ.”

ಅವಳು ಜೀಪಿನಲ್ಲಿದ್ದ ತನ್ನ ಮಾಸ್ಕಿಗೆ, ಮಂಜು ಕಟ್ಟದಿರಲೆಂದು, ಉಗಿದು ಗಾಜು ಉಜ್ಜಿ ತೊಳೆದು ಹಾಕಿಕೊಂಡಳು. ಒಬ್ಬರು ಕೆಳಗೆ, ಒಬ್ಬರು ಮೇಲೆ, ಇದು ಕಲಿತ ನಿಯಮ. ಮಾರಯ್ಯನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಬೋರಲಾದಳು. ಕೊಳವೆಗೆ ನೀರು ನುಗ್ಗಿತು. ಊದಿದಳು. ಈ ಸಲ ಪೂರ್ತಿ ಹೊರಗೆ ಹೋಯಿತು. ಕೆಳಗೆ ತಿಳಿನೀರಿನಲ್ಲಿ ಹಸಿರು ಸೀರೆಯ ಅಂಚು, ಅದನ್ನು ಚಾಕುವಿನಿಂದ ಕುಯ್ಯುತ್ತಿದ್ದ ಮುದುಕನ ಕೈ ಕಾಣಿಸಿದವು. ಹಗ್ಗ ಎರಡು ಸಲ ಜಗ್ಗಿತು. ಅವಳು ಎಳೆದಳು.

ಏಳು ಇಪ್ಪತ್ತೈದಕ್ಕೆ ಭಾಗ್ಯಳ ದೇಹ ದಡ ಸೇರಿತು. ಮೇಲೆ ಬೆಡ್‌ಶೀಟು ಹೊದಿಸಿದರು. ಸಣ್ಣಮ್ಮ ಹೊರಗೆ ಚಾಚಿದ್ದ ಕೈಯ ಬಳೆ ಮುಟ್ಟಿ ನೋಡಿದಳು. ನಂತರ ಸುತ್ತ ಸೇರಿದ್ದ ಊರಿನವರ ಕಡೆ ತಿರುಗಿ ಎದೆ ಬಡಿದುಕೊಂಡಳು.

“ನೋಡ್ರಪ್ಪಾ, ನನ್ ಮಗ್ಳು ಇಲ್ಲೇ ಅವ್ಳೆ! ಯಾರ್ ಹಿಂದೆನೂ ಓಡೋಗಿಲ್ಲ!”



ಏಳು ಐವತ್ತಕ್ಕೆ ಮಾರಯ್ಯನ ದಸ್ತಗಿರಿ. ಮಾಲು ಜಪ್ತಿ ಮಾಡಿ ಠಾಣೆಗೆ ಕರೆತಂದರು. ಕುಮಾರಸ್ವಾಮಿ ದೂರು ವಾಪಸ್ ಪಡೆಯುತ್ತೇನೆ ಎಂದು ಗೋಗರೆದರು. ಅದನ್ನು ಕೋರ್ಟಿನಲ್ಲಿ ಹೇಳಿ ಎಂದರು ಗಿರೀಶ್, ಆದರೆ ಮಾರಯ್ಯನಿಗೆ ತಮ್ಮ ಎದುರಿನ ಕುರ್ಚಿಯನ್ನೇ ಕೊಟ್ಟರು.

ಶಿವರಂಜಿನಿ ಹೇಳಿಕೆ ಬರೆದುಕೊಂಡಳು. “ಸಂಬಂಧವಿಲ್ಲ, ಸಂಬಳವಿಲ್ಲ. ಈ ವಯಸ್ಸಿನಲ್ಲಿ ಕಳ್ಳತನ ಮಾಡಿ ಇಷ್ಟು ಯಾಕೆ ಹಟ ಹಿಡಿದೆ ಮಾರಯ್ಯ?”

ಅವನು ನೆನೆದು ಸುಕ್ಕಾಗಿದ್ದ ಬೆರಳುಗಳನ್ನು ನೋಡಿಕೊಂಡ.

“ನಲವತ್ತು ವರ್ಸ ಕಣ್ಣು ಮುಚ್ಕೊಂಡು ಕೈಯಾಗೇ ತಡಕಾಡಿ ತಗ್ದಿವ್ನಿ ಕಣವ್ವ, ಒಂದೂ ತಪ್ಪಿರ್ನಿಲ್ಲ. ಅವತ್ತೂ ಮೂರ್ ಸಲ ಮುಳುಗ್ದೆ. ಈ ನೀರ್ನಾಗೆ ಇಲ್ಲ ಅಂತ ಊರ್ ಮುಂದೆ ಹೇಳ್ದೋನು ನಾನೇ.”