ನುಂಗಿದ ಕ್ಯಾಮೆರಾ

ಮೂರು ವರ್ಷದಿಂದ ಕಾಡುತ್ತಿದ್ದ ನನ್ನ ಹೊಟ್ಟೆನೋವಿಗೆ ಯಾವ ಸ್ಕ್ಯಾನಿನಲ್ಲೂ ಕಾರಣ ಸಿಕ್ಕಿರಲಿಲ್ಲ. "ಎಲ್ಲಾ ನಿನ್ನ ಮನಸ್ಸಿನ ಆಟ ಕಣೇ," ಎನ್ನುತ್ತಿದ್ದಳು ಅಕ್ಕ. ಕೊನೆಗೆ ಡಾಕ್ಟರು ಮಾತ್ರೆಯಂಥ ಕ್ಯಾಮೆರಾ ನುಂಗಿಸಿ, ಅದು ಕರುಳಿನಿಂದ ಕಳಿಸುವ ಚಿತ್ರಗಳನ್ನು ಹಿಡಿಯುವ ಪೆಟ್ಟಿಗೆಯೊಂದನ್ನು ಸೊಂಟಕ್ಕೆ ಕಟ್ಟಿದರು. ಚಿತ್ರ ಬಂದಾಗಲೆಲ್ಲ ಅದರ ನೀಲಿ ದೀಪ ಮಿಣುಕುತ್ತಿತ್ತು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಹೊರಗೆ ಬಂತು. ಕಣ್ಣಾರೆ ನೋಡಿದೆ, ಅದರ ಬೆಳಕು ಆರಿತ್ತು. ಪೆಟ್ಟಿಗೆಯ ದೀಪ ಮಾತ್ರ ಮಿಣುಕುತ್ತಲೇ ಇತ್ತು. ನೋವಿದ್ದ ಜಾಗದಲ್ಲಿ ಚರ್ಮ ಕಬ್ಬಿಣದಂತೆ ತಣ್ಣಗಾಗಿತ್ತು. ಅಕ್ಕ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು.

ಇಬ್ಬರೂ ಆಸ್ಪತ್ರೆಗೆ ಓಡಿದೆವು. ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಏನೂ ಕಾಣಲಿಲ್ಲ. ಡಾಕ್ಟರು ಪೆಟ್ಟಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಬಂದಿದ್ದ ಚಿತ್ರಗಳನ್ನು ತೆರೆದರು.

"ಇನ್ನೊಂದೇನಾದ್ರೂ ನುಂಗಿದ್ರಾ?"

"ಒಂದನ್ನ ನುಂಗೋಕೇ ಜೀವ ಬಾಯಿಗೆ ಬಂದಿತ್ತು ಡಾಕ್ಟ್ರೇ. ಯಾಕೆ?"

ಅವರು ಪರದೆಯನ್ನು ನನ್ನತ್ತ ತಿರುಗಿಸಿದರು. ಅದು ಹಿಂದಿನ ದಿನ ಮಧ್ಯಾಹ್ನದ ಚಿತ್ರ. ಕರುಳಿನ ನಸುಗೆಂಪು ಗೋಡೆಗಳ ನಡುವೆ ನಾನು ನುಂಗಿದ್ದ ಕ್ಯಾಮೆರಾ ದೀಪ ಉರಿಸಿಕೊಂಡು ಮುಂದೆ ಸಾಗುತ್ತಿತ್ತು. ಯಾರೋ ಹಿಂದಿನಿಂದ ತೆಗೆದಂತಿತ್ತು.

ಮನಸ್ಸಿನ ಆಟವಲ್ಲವೆಂದು ಸಮಾಧಾನಪಡಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

"ಬಾಗಿಲ ತನಕ ಹೋಗಿ ಬನ್ನಿ," ಎಂದರು ಡಾಕ್ಟರು. ನಾನು ದೂರ ಹೋದರೆ ಮೇಜಿನ ಮೇಲಿದ್ದ ಪೆಟ್ಟಿಗೆಯ ದೀಪ ಆರುತ್ತಿತ್ತು, ಹತ್ತಿರ ಬಂದರೆ ಮತ್ತೆ ಮಿಣುಕುತ್ತಿತ್ತು. ಮೂರು ಸಲ ನಡೆಸಿ ನೋಡಿದರು.

"ಪೆಟ್ಟಿಗೆನೇ ಕೆಟ್ಟಿರಬೇಕು," ಎಂದಳು ಅಕ್ಕ.

ಡಾಕ್ಟರು ಒಳಗಿನಿಂದ ಬೇರೆ ಎರಡು ಪೆಟ್ಟಿಗೆಗಳನ್ನು ತಂದು ನನ್ನ ಮುಂದಿಟ್ಟರು. ಎರಡೂ ಮಿಣುಕತೊಡಗಿದವು.