ಎಡಗಣ್ಣಿನ ಗಾಜು

ದೋಣಿ ಹೊರಡುವುದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಅವನು ಚೀಲದೊಳಗೆ ಕೈಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಪೊಟ್ಟಣವೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟ.

"ಏನಿದು?"

"ಬಿಚ್ಚಿ ನೋಡಿ. ಕಚ್ಚೋದಿಲ್ಲ."

ಒಳಗೆ ಡೈವಿಂಗ್ ಮಾಸ್ಕ್ ಇತ್ತು. ಕಪ್ಪು ರಬ್ಬರಿನದು. ಅದರ ಎರಡು ಕಿಟಕಿಗಳ ಒಳಮಗ್ಗುಲಿಗೆ ಅವಳ ಕನ್ನಡಕದ ನಂಬರಿಗೆ ಸರಿಯಾಗಿ ಉಜ್ಜಿದ ಗಾಜುಗಳನ್ನು ಅಂಟಿಸಿದ್ದ. ಅಂಚಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

"ಮೂರು ಭಾನುವಾರ ಹಿಡೀತು," ಎಂದ, ಸಮುದ್ರದ ಕಡೆ ನೋಡುತ್ತಾ. "ನೀರೊಳಗೆ ಕನ್ನಡಕ ಹಾಕ್ಕೊಳ್ಳೋಕಾಗಲ್ವಲ್ಲ. ಸಮುದ್ರದಲ್ಲಿ ಒಂದು ತಪ್ಪೂ ನಿಮ್ಮ ಕಣ್ಣಿಂದ ತಪ್ಪಿಸ್ಕೋಬಾರದು, ಪ್ರೂಫ್ ಮೇಡಂ."

ಅವಳಿಗೆ ನಲವತ್ತಾರು. ಅಕ್ಕ ಸ್ವೆಟರ್ ಹೆಣೆಯಲು ಹೊರಟು ಒಂದು ತೋಳಿಗೇ ಕೈಬಿಟ್ಟದ್ದನ್ನು ಬಿಟ್ಟರೆ, ಅವಳಿಗಾಗಿ ಯಾರೂ ಕೈಯಾರೆ ಏನನ್ನೂ ಮಾಡಿಕೊಟ್ಟಿರಲಿಲ್ಲ. ಮಾಸ್ಕಿನ ಅಂಚಿನ ಸುತ್ತ ಬೆರಳಾಡಿಸಿದಳು. ಥ್ಯಾಂಕ್ಸ್ ಎನ್ನುವುದು ತೀರಾ ಚಿಕ್ಕ ಮಾತೆನಿಸಿತು.

ಅವರ ಪರಿಚಯ ಆದದ್ದೂ ಗಾಜಿನಿಂದಲೇ. ಅವಳು ಅಚ್ಚುಕೂಟದಲ್ಲಿ ಪ್ರೂಫ್ ನೋಡುವವಳು; ದಿನಕ್ಕೆ ನಲವತ್ತು ಪುಟ, ಪ್ರತಿ ಪುಟದಲ್ಲೂ ಬೇರೆಯವರ ತಪ್ಪು. ಅಕ್ಷರಗಳು ಒಂದರ ಮೇಲೊಂದು ಹತ್ತಲು ಶುರುವಾದ ಮೇಲೆ, ಎರಡು ವರ್ಷದ ಹಿಂದೆ, ಪಕ್ಕದ ಬೀದಿಯ ಕನ್ನಡಕದ ಅಂಗಡಿಗೆ ಹೋಗಿದ್ದಳು. ಅವನು ಅವಳ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ ಕೇಳಿದ್ದ:

"ಇದು ಚೆನ್ನಾಗಿದೆಯಾ, ಇದಾ?"

"ಎರಡೂ ಚೆನ್ನಾಗಿದೆ."

"ಹಾಗಾದ್ರೆ ಇದು?"

"ಇದೂ ಚೆನ್ನಾಗಿದೆ ಡಾಕ್ಟ್ರೇ."

ಅವನು ಸ್ಟೂಲಿನ ಮೇಲೆ ಹಿಂದಕ್ಕೆ ಸರಿದು ಅವಳನ್ನೇ ನೋಡಿದ. "ನಾನು ಡಾಕ್ಟರ್ ಅಲ್ಲ, ಗಾಜು ಉಜ್ಜೋನು. ನಿಮ್ಮನ್ನ ನನ್ನ ಅಡುಗೆ ರುಚಿ ನೋಡೋಕೆ ಕರೆದಿಲ್ಲ ಮೇಡಂ. ಮಸುಕಾಗಿದ್ರೆ ಮಸುಕು ಅನ್ನಿ. ಗಾಜಿಗೇನೂ ಬೇಜಾರಾಗಲ್ಲ."

ನಕ್ಕು, ಅವಳ ಕಾರ್ಡಿನ ಮೂಲೆಯಲ್ಲಿ ಏನೋ ಗೀಚಿದ್ದ.

ಆಮೇಲೆ ಕನ್ನಡಕದ ತಿರುಪು ಸಡಿಲವಾಗುವುದು ಅವಳಿಗೆ ಅಭ್ಯಾಸವಾಯಿತು. ಅಚ್ಚುಕೂಟದ ದಾರಿಯಲ್ಲೇ ಅವನಿಗೆ ಕೆಲಸ ಬೀಳುವುದೂ ಅಭ್ಯಾಸವಾಯಿತು. ಅವನಿಗೆ ಸಮುದ್ರದ ಹುಚ್ಚು. ಹೆಂಡತಿ ತೀರಿಹೋದ ಮೇಲೆ ಹಿಡಿದ ಹುಚ್ಚು. ಅವನು ಈಜುಕೊಳದ ಡೈವಿಂಗ್ ತರಗತಿಗೆ ಅವಳನ್ನೂ ಸೇರಿಸಿದ. ಅಲ್ಲಿಯ ಮೆಟ್ಟಿಲ ಮೇಲೆ, ಒದ್ದೆ ತಲೆ ಒರೆಸಿಕೊಳ್ಳುತ್ತಾ, ಒಂದು ದಿನ ಹೇಳಿದ್ದ: "ಎಂಟು ತಿಂಗಳು ಅವಳು ಏನಿಲ್ಲ, ಸುಮ್ನೆ ಸುಸ್ತು ಅಂತಲೇ ಅಂದ್ಲು. ನಾನು ನಂಬಿದೆ. ಜನರ ಕಣ್ಣು ಪರೀಕ್ಷೆ ಮಾಡೋನು ನಾನು, ನನ್ನ ಮನೇಲೇ ನನಗೆ ಕಾಣಿಸಲಿಲ್ಲ."

ಅವಳು ಆ ಮಾತನ್ನು ಮರೆತಿರಲಿಲ್ಲ. ಮರೆತಿದ್ದರೆ ತನ್ನನ್ನು ಕ್ಷಮಿಸಿಕೊಳ್ಳುವುದು ಸುಲಭವಾಗುತ್ತಿತ್ತು.

*

ಐದು ದಿನ ದೋಣಿಯಲ್ಲೇ ಊಟ, ನಿದ್ದೆ, ಡೈವಿಂಗ್. ಜಾಹೀರಾತಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ದೋಣಿ ಕಣ್ಣೆದುರು ನಿಂತಾಗ ಬಣ್ಣ ಸುಲಿದ ಮುದುಕನಂತಿತ್ತು. ಕ್ಯಾಬಿನ್ನಿನಲ್ಲಿ ಡೀಸೆಲ್ ವಾಸನೆ. ಶೌಚಾಲಯದ ಬಾಗಿಲನ್ನು ಒಳಗಿನಿಂದ ಒಂದು ಕೈಯಲ್ಲಿ ಹಿಡಿದೇ ಇರಬೇಕು. ಎರಡು ದಿನ ಗಾಳಿ ಹಠ ಹಿಡಿದು, ದೋಣಿ ಒಂದೇ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿತು.

ಅವಳ ಕ್ಯಾಬಿನ್ನಿನ ಮೇಲಿನ ಹಾಸಿಗೆಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಗೊರಕೆ ಎಂಜಿನ್ನಿಗೇ ಸವಾಲು ಹಾಕುತ್ತಿತ್ತು.

"ನಾನು ಗೊರಕೆ ಹೊಡೀತೀನೇನಮ್ಮಾ?"

"ಇಲ್ಲಪ್ಪ, ನನಗೇನೂ ಕೇಳಿಸಲಿಲ್ಲ."

"ಸುಳ್ಳಿ," ಎಂದರು ನರ್ಸಮ್ಮ, ಪ್ರೀತಿಯಿಂದಲೇ. "ನನ್ನ ಗಂಡ ಹಾಲ್‌ನಲ್ಲಿ ಮಲಗೋನು."

ಮೊದಲ ಸಲ ಕೆಳಗಿಳಿದಾಗ ಅವಳಿಗೆ ಕಂಡದ್ದು ಬರೀ ಬಣ್ಣದ ಕಲಸುಮೇಲೋಗರ. ನೀಲಿಯೊಳಗೆ ಹಸಿರು, ಹಸಿರಿನೊಳಗೆ ಕಂದು, ಯಾವುದಕ್ಕೂ ಅಂಚಿಲ್ಲ. ಗಾಳಿಗೆ ನೀರು ಕದಡಿರಬೇಕು ಎಂದುಕೊಂಡಳು. ಪಕ್ಕದಲ್ಲೇ ಅವನಿದ್ದ. ಡೈವಿಂಗಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಬೇಕು. ಮಾತಿಲ್ಲದ ಲೋಕದಲ್ಲಿ ಕೈಸನ್ನೆಯೇ ಮಾತು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಸರಿಯಿದ್ದೀಯಾ ಎಂಬ ಪ್ರಶ್ನೆ. ಅದೇ ಉಂಗುರ ತಿರುಗಿ ತೋರಿಸಿದರೆ ಸರಿಯಿದ್ದೇನೆ ಎಂಬ ಉತ್ತರ. ತೊಂದರೆಯಿದ್ದರೆ ಅಂಗೈಯನ್ನು ಅಡ್ಡ ಹಿಡಿದು ತೂಗಾಡಿಸಿ, ಎಲ್ಲಿ ತೊಂದರೆಯೋ ಅಲ್ಲಿಗೆ ಬೆರಳಿಡಬೇಕು. ಕೊಳದಲ್ಲಿ ನೂರು ಸಲ ಕಲಿಸಿದ್ದರು.

ಅವನು ಉಂಗುರ ತೋರಿಸಿದ. ಅವಳೂ ಉಂಗುರ ತೋರಿಸಿದಳು.

ಮೇಲೆ ಬಂದು ನೋಡಿದರೆ ಉಳಿದವರೆಲ್ಲ ಚಿಕ್ಕ ಮಕ್ಕಳ ಹಾಗೆ ಕಿರುಚಾಡುತ್ತಿದ್ದರು. ಆ ಮೀನು ನೋಡಿದ್ರಾ, ಅದರ ತುಟಿ ನೋಡಿದ್ರಾ. ಆಗ ಅವಳಿಗೆ ತಿಳಿಯಿತು, ಕದಡಿದ್ದು ನೀರಲ್ಲ.

ಮಧ್ಯಾಹ್ನ ಒಬ್ಬಳೇ ಮಾಸ್ಕ್ ಹಾಕಿಕೊಂಡು ಒಂದೊಂದೇ ಕಣ್ಣು ಮುಚ್ಚಿ ದಡವನ್ನು ನೋಡಿದಳು. ಅವಳ ಎಡಗಣ್ಣಿನ ನಂಬರು ಜಾಸ್ತಿ, ಬಲಗಣ್ಣಿನದು ಕಡಿಮೆ. ಎಡಗಣ್ಣಿನ ದಪ್ಪ ಗಾಜು ಬಲಕ್ಕೆ ಕೂತಿತ್ತು. ಕನ್ನಡಕವನ್ನು ಎದುರಿನಿಂದ ಹಿಡಿದು ಕೆಲಸ ಮಾಡಿ ಪಳಗಿದ ಕೈ ಅವನದು. ಮಾಸ್ಕಿಗೆ ಹಿಂಬದಿಯಿಂದ ಅಂಟಿಸಬೇಕಾಗಿ ಬಂದಾಗ ಎಡಬಲ ತಪ್ಪಿಹೋಗಿತ್ತು.

ಪುಟವಾಗಿದ್ದರೆ ಅಂಚಿನಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಿದ್ದಳು. ಆದರೆ ಅಷ್ಟರಲ್ಲಿ ಅವನು ಎರಡು ಲೋಟ ಟೀ ಹಿಡಿದುಕೊಂಡು, ದೋಣಿಯ ಓಲಾಟಕ್ಕೆ ಕುಡುಕನಂತೆ ಹೆಜ್ಜೆ ಹಾಕುತ್ತಾ ಬಂದ.

"ಹೇಗಿದೆ ನನ್ನ ಗಾಜು?"

ಅವನ ಮುಖದಲ್ಲಿ ಪರೀಕ್ಷೆ ಬರೆದು ಬಂದ ಹುಡುಗನ ಕಳೆಯಿತ್ತು. ಹತ್ತೊಂಬತ್ತು ವರ್ಷ ಅವಳು ಬಾಳಿದ ಗಂಡನ ಮನೆಯಲ್ಲಿ, ಏನಾದರೂ ಚೆನ್ನಾಗಿಲ್ಲ ಎಂದರೆ ಮೂರು ದಿನ ಮಾತು ನಿಲ್ಲುತ್ತಿತ್ತು. ಆ ಮನೆ ಬಿಟ್ಟು ಆರು ವರ್ಷವಾಗಿತ್ತು. ನಾಲಿಗೆ ಮಾತ್ರ ಇನ್ನೂ ಅಲ್ಲಿಂದ ಹೊರಬಂದಿರಲಿಲ್ಲ.

"ತುಂಬಾ ಚೆನ್ನಾಗಿದೆ," ಎಂದಳು.

ಮರುದಿನ ಅವನು ನೀರಿನಡಿಯಲ್ಲಿ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದ. ಬೆರಳು ಚಾಚಿ ತೋರಿಸಿದ. ಅಲ್ಲೆಲ್ಲೋ ಒಂದು ದೊಡ್ಡ ಮಸುಕು ನಿಧಾನವಾಗಿ ಸರಿಯುತ್ತಿತ್ತು. ಅವಳು ನೋಡಿದ್ದು ಅವನನ್ನು: ಇಷ್ಟು ಹತ್ತಿರಕ್ಕೂ ಮಂಜಾಗಿದ್ದ ಮುಖವನ್ನು, ಮಣಿಕಟ್ಟಿನ ಮೇಲೆ ಅವನು ಬಿಡಲು ಮರೆತ ಕೈಯನ್ನು. ಅದೊಂದು ಮಾತ್ರ ಕಣ್ಣಿನ ಹಂಗಿಲ್ಲದೆ ಸ್ಪಷ್ಟವಾಗಿತ್ತು.

"ಆಮೆ ನೋಡಿದ್ರಾ?" ಮೇಲೆ ಬಂದು ಉಸಿರು ಬಿಡುವ ಮೊದಲೇ ಕೇಳಿದ.

"ನೋಡಿದೆ. ಎಷ್ಟು ಚೆಂದ ಇತ್ತು!"

ಅವನು ಅಷ್ಟು ಸಂತೋಷಪಟ್ಟದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆ ಸಂಜೆ, ಬಿಸಿಲು ಇಳಿದು ನೀರು ತಾಮ್ರದ ಬಣ್ಣಕ್ಕೆ ತಿರುಗಿದಾಗ, ಕಟಕಟೆಗೆ ಒರಗಿ ನಿಂತು, ಹಗ್ಗದ ತುದಿಯನ್ನು ಬಿಚ್ಚುತ್ತಾ ಕಟ್ಟುತ್ತಾ ಅವನು ಕೇಳಿದ:

"ಊರಿಗೆ ಹೋದ ಮೇಲೆ... ಒಂದೇ ಮನೇಲಿ ಇರೋಣ್ವಾ? ಮದುವೆ ಆಗಿ, ಸರಿಯಾಗಿ. ಸುಮ್ನೆ ಕೇಳ್ತಾ ಇಲ್ಲ."

ಅವಳು ಅವನ ಕೈಯಿಂದ ಹಗ್ಗದ ತುದಿಯನ್ನು ತೆಗೆದುಕೊಂಡಳು.

"ಹೂಂ," ಎಂದಳು.

"ಬರೀ ಹೂಂ?"

"ಇನ್ನೇನು, ಮೂರು ಪ್ರತೀಲಿ ಬರೆದುಕೊಡ್ಲಾ?"

ಅವನು ನಕ್ಕ. ಅವಳೂ ನಕ್ಕಳು. ಒಳಗಿನಿಂದ ನರ್ಸಮ್ಮ, "ನಗೋರು ನಗ್ಲಿ, ಊಟ ಆರ್ತಿದೆ!" ಎಂದು ಕೂಗಿದರು.

*

ಕೊನೆಯ ದಿನ ಯಾರೂ ಆಳಕ್ಕೆ ಇಳಿಯುವಂತಿಲ್ಲ. ಮರುದಿನ ವಿಮಾನ ಹತ್ತುವವರು ಒಂದಿಡೀ ದಿನ ಮೇಲೆಯೇ ಇರಬೇಕೆಂಬುದು ಡೈವಿಂಗಿನ ನಿಯಮ. ಎಲ್ಲರೂ ಸಿಹಿನೀರಿನ ತೊಟ್ಟಿಯಲ್ಲಿ ಸಾಮಾನು ತೊಳೆಯುತ್ತಿದ್ದರು. ಅವನು ಅವಳ ಮಾಸ್ಕ್ ತೊಳೆದು, ಗಾಜಿನವರ ಅಭ್ಯಾಸದಂತೆ, ತೋಳುದ್ದ ದೂರ ಹಿಡಿದು ದಿಗಂತದ ಗೆರೆಯ ಮೇಲೆ ಆಚೀಚೆ ಆಡಿಸಿದ; ಗಾಜಿನೊಳಗೆ ಗೆರೆ ಎಷ್ಟು ಜರುಗುತ್ತದೆ ಎಂಬುದರಿಂದಲೇ ಅವರಿಗೆ ನಂಬರು ತಿಳಿಯುತ್ತದೆ. ಒಂದು ಕಿಟಕಿ. ಇನ್ನೊಂದು ಕಿಟಕಿ. ಮತ್ತೆ ಮೊದಲನೆಯದು.

ಕೈ ನಿಂತಿತು.

"ಇದು ತಿರುಗುಮುರುಗಾಗಿದೆ," ಎಂದ ಮೆಲ್ಲಗೆ. "ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೀಗೆ ಮಾಡಿರಲಿಲ್ಲ ನಾನು. ನಿಮಗೇನೂ ಕಾಣಿಸಿರಲ್ಲ."

"ಸ್ವಲ್ಪ ಸ್ವಲ್ಪ..."

"ಆಮೆ?"

"ಹಸಿರಾಗಿ ಏನೋ ಹೋಯ್ತು. ನೀವು ತೋರಿಸಿದ ಕಡೆ ನೋಡಿದೆ."

"ಅದು ಕಂದು ಬಣ್ಣ ಇತ್ತು."

ಅವಳು ತೊಟ್ಟಿಯ ನೀರನ್ನು ನೋಡಿದಳು. ಅವನು ಬೆಂಚಿನ ಕೆಳಗಿದ್ದ ಪ್ಲಾಸ್ಟಿಕ್ ಡಬ್ಬವನ್ನು ಕಾಲಿನಿಂದ ಎಳೆದ. ದೋಣಿಯವರ ಸಾದಾ ಮಾಸ್ಕುಗಳು, ಹತ್ತಕ್ಕೂ ಹೆಚ್ಚು. "ಐದು ದಿನದಿಂದ ಇಲ್ಲೇ ಇತ್ತು. ನಿಮ್ಮ ಬಲಗಣ್ಣಿಗೆ ಸಾದಾ ಗಾಜೇ ಸಾಕಾಗ್ತಿತ್ತು. ಒಂದು ಮಾತು ಹೇಳ್ಬಾರದಿತ್ತಾ?"

"ಮೂರು ಭಾನುವಾರ ಕೂತು ಮಾಡಿದ್ರಿ. ಹೇಗೆ ಹೇಳ್ಲಿ?"

"ಬಾಯಲ್ಲಿ."

ಬೇರೆ ದಿನವಾಗಿದ್ದರೆ ಅದಕ್ಕೆ ಇಬ್ಬರೂ ನಗುತ್ತಿದ್ದರು.

"ಕೋಪಾನಾ?"

"ಕೋಪ ನನ್ನ ಮೇಲೆ, ತಪ್ಪು ಅಂಟಿಸಿದ್ದಕ್ಕೆ. ಅದು ಬಿಡಿ." ಅವನು ಮಾಸ್ಕನ್ನು ಟವೆಲಿನಲ್ಲಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಮೊನ್ನೆ ಸಂಜೆ ನಾನೊಂದು ಮಾತು ಕೇಳಿದೆ. ನೀವು ಹೂಂ ಅಂದ್ರಿ. ಅದು ಯಾವ ಹೂಂ?"

"ಅದು ನಿಜವಾದ್ದು!"

"ಆಮೆ ನೋಡಿದೆ ಅಂದಾಗಲೂ ಇದೇ ಧ್ವನಿ ಇತ್ತು."

ಅವಳ ಬಳಿ ಬೇರೆ ಧ್ವನಿ ಇರಲಿಲ್ಲ. ಸುಳ್ಳಿಗೊಂದು ನಿಜಕ್ಕೊಂದು ಎಂದು ಎರಡಿಟ್ಟುಕೊಂಡಿದ್ದರೆ ಈಗ ಎರಡನೆಯದನ್ನು ತೆಗೆಯಬಹುದಿತ್ತು.

"ನನ್ನ ಹೆಂಡತೀನೂ ನನಗೆ ನೋವಾಗಬಾರದು ಅಂತಲೇ ಹೇಳಲಿಲ್ಲ," ಎಂದ. "ನನಗೆ ಇನ್ನೊಂದು ಸಲ ಎದುರಿನೋರ ಮುಖ ನೋಡ್ಕೊಂಡು, ಇದು ನಿಜವೋ ಸುಳ್ಳೋ ಅಂತ ಊಹೆ ಮಾಡ್ತಾ ಕೂರೋ ಶಕ್ತಿ ಇಲ್ಲ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯಲು ಏನಿತ್ತು? ದಿನವಿಡೀ ತಪ್ಪು ಹುಡುಕುವವಳಿಗೆ, ಈ ತಪ್ಪು ಅಚ್ಚಾಗಿ ಮುಗಿದ ಮೇಲೆ ಸಿಕ್ಕಿತ್ತು.

ಅವನೇ ಡಬ್ಬದಿಂದ ಒಂದು ಸಾದಾ ಮಾಸ್ಕ್ ಆರಿಸಿ, ಪಟ್ಟಿ ಸರಿಮಾಡಿ ಕೊಟ್ಟ. "ಆಳಕ್ಕೆ ಹೋಗೋ ಹಾಗಿಲ್ಲ. ಏಣಿ ಹಿಡ್ಕೊಂಡು ಮುಖ ಮುಳುಗಿಸಿ ನೋಡಿ. ಬಂದಿದ್ದಕ್ಕಾದ್ರೂ."

ಅವಳು ಏಣಿಯ ಕೊನೆಯ ಮೆಟ್ಟಿಲಿಗೆ ಇಳಿದು ಮುಖವನ್ನು ನೀರಿಗಿಟ್ಟಳು.

ಅಂಚುಗಳು ಬಂದವು. ಲಂಗರಿನ ಸರಪಳಿಯ ಒಂದೊಂದು ಕೊಂಡಿ, ಅದರ ಮೇಲಿನ ಪಾಚಿಯ ಎಳೆ, ಆ ಎಳೆಯನ್ನು ಕೀಳುತ್ತಿದ್ದ ಹಳದಿ ಮೀನು, ಮೀನಿನ ಕಣ್ಣು. ಕೆಳಗೆ ಮರಳಿನ ಮೇಲೆ ಬಿಸಿಲಿನ ಬಲೆ ಬಿಚ್ಚುತ್ತಾ ಹೆಣೆಯುತ್ತಾ ಇತ್ತು. ಇಷ್ಟು ದಿನ ಅವನು ಇದನ್ನೆಲ್ಲ ಅವಳೊಂದಿಗೆ ನೋಡುತ್ತಿದ್ದೇನೆಂದು ನಂಬಿ ಒಬ್ಬನೇ ನೋಡಿದ್ದ. ಮಾಸ್ಕಿನೊಳಗೆ ನೀರು ತುಂಬಿತು. ಅದು ಹೊರಗಿನಿಂದ ಬಂದದ್ದಲ್ಲ.

"ಕಾಣಿಸ್ತಾ?" ಮೇಲಿನಿಂದ ಅವನು ಕೇಳಿದ.

"ಕಾಣಿಸ್ತು! ಎಲ್ಲಾ ಕಾಣಿಸ್ತು!"

ಅವನು ತಲೆಯಾಡಿಸಿದ, ಗಿರಾಕಿಗೆ ಆಡಿಸುವ ಹಾಗೆ.

ಮರುದಿನ ದೋಣಿಕಟ್ಟೆಯಲ್ಲಿ ಎರಡು ವ್ಯಾನುಗಳಿದ್ದವು. ಅವನು ಇನ್ನೊಂದನ್ನು ಹತ್ತಿದ. ಹೊರಡುವಾಗ ಕಿಟಕಿಯ ಗಾಜಿನ ಹಿಂದೆ, ಅಭ್ಯಾಸಬಲದಿಂದ, ಕೈಯೆತ್ತಿ ಬೆರಳಿನ ಉಂಗುರ ಮಾಡಿದ. ಅವಳ ಕೈಯೂ ತಾನಾಗಿ ಎದ್ದಿತು. ಅಂಗೈಯನ್ನು ಅಡ್ಡ ಹಿಡಿದು ತೂಗಾಡಿಸಬಹುದಿತ್ತು. ಆದರೆ ಬೆರಳುಗಳು ತಾವೇ ಸೇರಿ ಉಂಗುರವಾದವು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಅದು ಹಾಗೇ ಇತ್ತು.

*

ಒಂಬತ್ತು ತಿಂಗಳ ಮೇಲೆ ಅಕ್ಷರಗಳು ಮತ್ತೆ ಒಂದರ ಮೇಲೊಂದು ಹತ್ತಲು ಶುರುಮಾಡಿದವು. ಅಂಗಡಿಯಲ್ಲಿ ಅವನ ತಂಗಿ ಕೂತಿದ್ದರು. ಐವತ್ತರ ಹತ್ತಿರದ, ಅಣ್ಣನದೇ ಹುಬ್ಬಿನ ಹೆಂಗಸು. ಅವನು ಈಗ ಹೆಚ್ಚಾಗಿ ಇನ್ನೊಂದು ಊರಿನ ಅಂಗಡಿಯಲ್ಲಿರುತ್ತಿದ್ದ.

"ಅಣ್ಣ ಗುರುವಾರ ಬರ್ತಾನೆ," ಎಂದರು ಅವರು, ಅವಳು ಕೇಳದೆಯೇ.

"ಗೊತ್ತು. ಅದಕ್ಕೇ ಬುಧವಾರ ಬಂದೆ."

ತಂಗಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಚೌಕಟ್ಟು ಕೂರಿಸಿದರು.

"ಇದು ಚೆನ್ನಾಗಿದೆಯಾ, ಇದಾ?"

"ಎರಡೂ ಮಸುಕು."

"ಈಗ?"

"ಪರವಾಗಿಲ್ಲ. ಆದ್ರೆ ಕೊನೇ ಸಾಲು ಇನ್ನೂ ಓದೋಕಾಗ್ತಿಲ್ಲ."

"ಈಗ?"

ಕೊನೆಯ ಸಾಲು ಮೂಡಿತು. ತಂಗಿ ಬರೆದುಕೊಳ್ಳಲು ಕಾರ್ಡ್ ಹೊರಗೆಳೆದರು, ಕಣ್ಣಾಡಿಸಿದರು, ಆಮೇಲೆ ಅದನ್ನು ಅವಳ ಕಡೆ ತಿರುಗಿಸಿದರು. ಮೂಲೆಯಲ್ಲಿ, ಅವಳು ಮೊದಲ ಸಲ ಬಂದ ದಿನದ ತಾರೀಖಿನ ಪಕ್ಕ, ಅವನ ಓರೆ ಅಕ್ಷರದಲ್ಲಿ ಒಂದು ಸಾಲಿತ್ತು: ಇವರನ್ನು ಎರಡು ಸಲ ಕೇಳಬೇಕು.

ಅವಳು ಅದನ್ನು ಪ್ರೂಫ್ ನೋಡುವ ಹಾಗೆ ಅಕ್ಷರ ಅಕ್ಷರವಾಗಿ ಓದಿದಳು. ಮೊದಲ ದಿನವೇ ತಿಳಿದುಕೊಂಡಿದ್ದನಲ್ಲ. ತಿಳಿದೂ, ಆ ನೀರಿನ ನಡುವೆ, ಅವನಿಗೂ ಇದು ನೆನಪಾಗಲಿಲ್ಲ. ಗಾಜು ಹೇಗಿದೆ ಎಂದು ಅವನೂ ಒಂದೇ ಸಲ ಕೇಳಿದ್ದ.

"ಅಣ್ಣನಿಗೆ ಏನಾದ್ರೂ ಹೇಳ್ಬೇಕಾ?" ತಂಗಿ ಕೇಳಿದರು.

"ಏನಿಲ್ಲ. ಚೆನ್ನಾಗಿದ್ದೀನಿ ಅಂತ ಹೇಳಿ."

ತಂಗಿ ಕಾರ್ಡನ್ನು ನೋಡಿದರು. ಅವಳನ್ನು ನೋಡಿದರು. ಪೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಏನಾದ್ರೂ ಹೇಳ್ಬೇಕಾ?"

ಹೊರಗೆ ಯಾರೋ ಸೈಕಲ್ ನಿಲ್ಲಿಸಿದರು. ಭಾರದ ಚೌಕಟ್ಟು ಇನ್ನೂ ಅವಳ ಮೂಗಿನ ಮೇಲೆಯೇ ಇತ್ತು. ಅದರೊಳಗಿಂದ ಗೋಡೆಯ ಮೇಲಿನ ಪ್ರತಿಯೊಂದು ಅಕ್ಷರವೂ ಕಾಣುತ್ತಿತ್ತು.

"ಚೆನ್ನಾಗಿಲ್ಲ," ಎಂದಳು. "ಹಾಗೆ ಹೇಳಿ."

ತಂಗಿ ಪೆನ್ನು ತೆಗೆದುಕೊಂಡು, ಆ ಹಳೆಯ ಸಾಲಿನ ಕೆಳಗೆ, ಅದನ್ನು ಹಾಗೆಯೇ ಬರೆದುಕೊಂಡರು.