ದ್ಯಾವಿಯ ನಾಲ್ಕನೆಯ ಎರಕ

ಬಹಳ ಹಿಂದೆ, ಬೆಟ್ಟಗಳಿಗೂ ರೆಕ್ಕೆಗಳಿದ್ದವೆಂಬುದು ಜನರಿಗಿನ್ನೂ ನೆನಪಿದ್ದ ಕಾಲದಲ್ಲಿ, ಸುರಗಿಪುರವೆಂಬ ರಾಜ್ಯವಿತ್ತು. ಅದರ ರಾಜ ಮಕರಧ್ವಜ ಒಳ್ಳೆಯವನೇ. ಪ್ರಜೆಗಳನ್ನು ಪೀಡಿಸದೆ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದ. ಜನ ಸುಖವಾಗಿದ್ದರು. ಸುಖವಾಗಿರುವವರನ್ನು ಕಂಡರಾಗದವನೊಬ್ಬ ಎಲ್ಲ ರಾಜ್ಯದಲ್ಲೂ ಇರುತ್ತಾನಲ್ಲ, ಇಲ್ಲಿ ಅವನ ಹೆಸರು ಕಾವಳ. ಊರಾಚೆಯ ಬೋಳುಗುಡ್ಡದ ಗವಿಯಲ್ಲಿದ್ದ ಮಾಂತ್ರಿಕ.

ಒಂದು ದಿನ ಕಾವಳ ತನ್ನ ಸೋರೆಬುರುಡೆಯ ಬಿರಡೆ ಕಿತ್ತು ಒಳಗಿದ್ದ ಮಂಜನ್ನು ಹೊರಗೆ ಬಿಟ್ಟ. ಮಂಜು ಗುಡ್ಡ ಇಳಿದು ಹೊಲ ನುಂಗಿತು, ಹಳ್ಳಿ ನುಂಗಿತು. ಅದು ಸೋಕಿದವರೆಲ್ಲ ಬಿಳಿ ಕೊಕ್ಕರೆಗಳಾಗಿ ಒಂಟಿಕಾಲಲ್ಲಿ ನಿಂತುಬಿಟ್ಟರು. ಬೆಂಕಿಯ ಕಾವಿದ್ದಲ್ಲಿ ಮಾತ್ರ ಮಂಜು ಸುಳಿಯುತ್ತಿರಲಿಲ್ಲ. ಹಾಗಾಗಿ ಊರಿನವರು ಕೋಟೆಗೋಡೆಯ ಮೇಲೆ ಬೆಂಕಿ ಹಾಕಿ ಅದನ್ನು ತಡೆದರು. ಆದರೆ ಸೌದೆ ಎಷ್ಟು ದಿನ ಬಂದೀತು?

ಆ ಊರಲ್ಲಿ ಗಂಟೆ ಎರಕ ಹೊಯ್ಯುವ ಕಂಚುಗಾರ ಮುದ್ದಯ್ಯನಿದ್ದ. ಅವನು ಎತ್ತಿನ ಕೊರಳಗಂಟೆ ಹಿಡಿದು ಮಂಜಿನೊಳಗೆ ನಡೆದ. ಗಂಟೆ ಅಲುಗಿದಾಗಲೆಲ್ಲ, ದನಿ ಕೇಳುವಷ್ಟು ದೂರ ಮಂಜು ಸೀಳಿ ದಾರಿ ಬಿಟ್ಟಿತು! ಗೋಡೆಯ ಮೇಲಿದ್ದವರು ಹೋ ಎಂದು ಕೂಗಿದರು. ಅಷ್ಟರಲ್ಲಿ ಗಂಟೆಯ ನಾಲಗೆ ಕಳಚಿ ಬಿತ್ತು. ಮುದ್ದಯ್ಯ ಕೊಕ್ಕರೆಯಾದ.

ಬೋಳುಗುಡ್ಡದವರೆಗೂ ದನಿ ಮುಟ್ಟುವ ಗಂಟೆಯೊಂದಿದ್ದರೆ ಮಂಜಿನ ಕತೆ ಮುಗಿಯುತ್ತದೆಂದು ಎಲ್ಲರಿಗೂ ತಿಳಿಯಿತು. ಹೊಯ್ಯುವವರು ಯಾರು? ಉಳಿದ ಕಂಚುಗಾರರು ಗಂಟುಮೂಟೆ ಕಟ್ಟಿ ಆಗಲೇ ಹೋಗಿದ್ದರು. ಆಗ ಮುದ್ದಯ್ಯನ ಮಗಳು ದ್ಯಾವಿ ರಾಜನ ಮುಂದೆ ಬಂದು ನಿಂತಳು. ಅವಳು ಅದುವರೆಗೆ ಹೊಯ್ದದ್ದೆಲ್ಲ ಕರುವಿನ ಗಂಟೆ, ಮೇಕೆಯ ಗಂಟೆ. ಆದರೆ ಅವಳ ಹುಚ್ಚು ಎಂಥದೆಂದರೆ, ಎಲ್ಲಾದರೂ ಗಂಟೆ ಬಾರಿಸಿದರೆ ಅದರ ದನಿ ಪೂರ್ತಿ ಆರುವವರೆಗೂ ಬಾಯಿಗಿಟ್ಟ ತುತ್ತನ್ನೂ ನುಂಗುತ್ತಿರಲಿಲ್ಲ.

"ಪ್ರಭು, ನಾನು ಹೊಯ್ತೀನಿ," ಎಂದಳು.

"ನಿನ್ನಿಂದ ಆದೀತೇ ಮಗು?"

"ಗೊತ್ತಿಲ್ಲ ಪ್ರಭು. ಆದರೆ ಬೇರೆ ಏನು ಮಾಡೋಕೂ ನನಗೆ ಮನಸ್ಸಿಲ್ಲ."

ರಾಜ ತಾಮ್ರ, ತವರ, ಸೌದೆ ಕೊಡಿಸಿದ. ದ್ಯಾವಿ ಜೇನುಮೇಣದಲ್ಲಿ ಗಂಟೆ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಉಳಿದ ಪೊಳ್ಳು ಅಚ್ಚಿಗೆ ಕಾದ ಕಂಚು ಸುರಿದಳು. ಸುರಿದದ್ದೇ ತಡ, ಢಮಾರ್! ಅಚ್ಚಿನ ಮಣ್ಣು ಮಂಜಿನ ಗಾಳಿಗೆ ಒಳಗೊಳಗೇ ತೇವವಾಗಿತ್ತು. ಹೊರಗೆ ಬಂದ ಗಂಟೆಯ ಮೈತುಂಬ ತೂತು.

"ದೋಸೆ ಹೊಯ್ದಿದ್ದಾಳೆ," ಎಂದು ಊರು ನಕ್ಕಿತು. ಆಡುವವರ ಬಾಯಿಗೆ ಬೀಗವಿಲ್ಲ. ದ್ಯಾವಿ ಅತ್ತಳು, ಮೂಗು ಒರೆಸಿಕೊಂಡಳು, ಗಂಟೆಯನ್ನು ಒಡೆದು ಮತ್ತೆ ಕಂಚು ಕರಗಿಸುವ ಮೂಸೆಗೆ ಹಾಕಿದಳು. ಕಂಚುಗಾರರ ಪದ್ಧತಿಯೇ ಅದು: ಕೆಟ್ಟ ಗಂಟೆಯನ್ನು ಅವರು ಎಸೆಯುವುದಿಲ್ಲ, ಮುಂದಿನ ಎರಕಕ್ಕೆ ಬೆರೆಸುತ್ತಾರೆ. ಹಳೆಯ ಕಂಚು ಸೇರದ ಗಂಟೆಗೆ ದನಿಯಿಲ್ಲವೆಂದು ಅವರ ನಂಬಿಕೆ.

ಎರಡನೆಯ ಸಲ ಅಚ್ಚಿನೊಳಗೆ ಹೊಟ್ಟಿನ ಬೆಂಕಿಯಿಟ್ಟು ಚೆನ್ನಾಗಿ ಒಣಗಿಸಿದಳು. ಈ ಸಲ ಕಾವಳ ಕೆಂಪು ಕಣ್ಣಿನ ಕಾಗೆಯೊಂದನ್ನು ಕಳಿಸಿದ. ದ್ಯಾವಿ ತಿದಿ ಒತ್ತುತ್ತಾ ಬೆಂಕಿಯನ್ನೇ ನೋಡುತ್ತಿರುವಾಗ ಕಾಗೆ ತವರದ ತುಂಡುಗಳನ್ನೆಲ್ಲ ಕಚ್ಚಿಕೊಂಡು ಹೋಯಿತು. ಹುಡುಗಿ ನೋಡಲೇ ಇಲ್ಲ, ದನಿ ಕೊಡುವ ತವರ ಸಾಲದ ಎರಕವನ್ನೇ ಸುರಿದಳು. ಗಂಟೆ ನೋಡಲು ಲಕ್ಷಣವಾಗಿ ಬಂತು. ರಾಜನೇ ಬಂದು ಬಾರಿಸಿದ. ಥಪ್!

"ಒಳ್ಳೆ ಹಂಡೆ. ನೀರು ಕಾಯಿಸಬಹುದು," ಎಂದ ಮಂತ್ರಿ.

ದ್ಯಾವಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಮನೆಮನೆಗೆ ಹೋಗಿ ತವರ ಬೇಡಿ ತಂದಳು, ಹಂಡೆಯನ್ನು ಒಡೆದು ಮೂಸೆಗೆ ಹಾಕಿದಳು.

ಮೂರನೆಯ ಎರಕ ತಾಯಿ ಹಾಲೆರೆದಂತೆ ಹರಿಯಿತು. ಇನ್ನು ಅಚ್ಚು ಆರಬೇಕು, ಅಷ್ಟೇ. ಆಗ ಬಿಳಿಗಡ್ಡದ ಮುದುಕನೊಬ್ಬ ಕೋಲೂರಿಕೊಂಡು ಬಂದ.

"ಮಗಳೇ, ನಾನು ಹಾಡುಗಾರ. ಇಂಥ ಕೈಕೆಲಸ ಏಳು ದೇಶದಲ್ಲೂ ಇಲ್ಲವಂತೆ. ಒಂದೇ ಒಂದು ಸಲ ನಿನ್ನ ಗಂಟೆಯ ದನಿ ಕೇಳಿಸು, ನೆಮ್ಮದಿಯಾಗಿ ಸಾಯ್ತೀನಿ."

"ಇನ್ನೂ ಬಿಸಿ ಐತಜ್ಜ."

"ನಿನಗೂ ಕೇಳಬೇಕು ಅನ್ನಿಸಲ್ವಾ?"

ಅನ್ನಿಸದೆ ಏನು! ಅವಳ ಕಿವಿ ಎಷ್ಟೋ ದಿನದಿಂದ ಹಸಿದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆತುರಗಾರ್ತಿಗೂ ಅಷ್ಟೇ. ದ್ಯಾವಿ ಕೊಡತಿ ಎತ್ತಿ ಅಚ್ಚು ಒಡೆದಳು. ತಣ್ಣನೆ ಗಾಳಿ ಕಾದ ಕಂಚಿಗೆ ತಗುಲಿದ್ದೇ ಗಂಟೆ ಮೇಲಿಂದ ಕೆಳಗೆ ಸೀಳಿತು. ಮುದುಕನ ಗಡ್ಡ ಮಂಜಾಗಿ ಕರಗಿತು, ಕಾವಳ ಕೇಕೆ ಹಾಕಿ ಗಾಳಿಯಲ್ಲಿ ಮಾಯವಾದ.

ರಾಜ ಬಂದು ಸೀಳಿದ ಗಂಟೆಯನ್ನು ನೋಡಿದ. "ಸಾಕು ಮಗು. ಗೋಡೆಯ ಮೇಲೆ ಇನ್ನು ಸೌದೆಯಿಲ್ಲ. ಊರು ಬಿಟ್ಟು ಹೊರಡೋಣ."

"ಹೋದರೆ ನನ್ನಪ್ಪ? ಅಲ್ಲಿ ನಿಂತ ಅಷ್ಟು ಜನ?"

ರಾಜ ಗಾಡಿ ಹತ್ತಿದ. ಮಂಜು ಇನ್ನೂ ಮುಟ್ಟದ ಹಿಂಬಾಗಿಲಿನಿಂದ ಗಾಡಿಗಳು ಹೊರಟವು.

ದ್ಯಾವಿ ಕುಲುಮೆಯ ಮುಂದೆ ಕುಸಿದು ಕೂತಳು. ತನ್ನ ಕೈಗಳನ್ನು ಕಂಡರೆ ಅವಳಿಗೇ ಅಸಹ್ಯವಾಯಿತು. ತಾಯಿ ಕಾಳವ್ವ ಪಕ್ಕದಲ್ಲಿ ಬಂದು ಕೂತಳು.

"ನಿಮ್ಮಪ್ಪ ಮದುವೆಯಾದ ವರ್ಷ ಎಷ್ಟು ಗಂಟೆ ಕೆಡಿಸಿದ್ದ ಗೊತ್ತೇನೇ? ಊರ ದನವೆಲ್ಲ ಮೂಕವಾಗಿ ತಿರುಗ್ತಿದ್ವು. ನಮ್ಮವ್ವ ನನ್ನ ವಾಪಸ್ ಕರ್ಕೊಂಡು ಹೋಗಕ್ಕೇ ಬಂದಿದ್ಲು."

ದ್ಯಾವಿಗೆ ಅಳುವಿನ ನಡುವೆಯೇ ನಗು ಬಂತು. "ನಂದು ಪೂರಾ ಕೆಟ್ಟೋಯ್ತಲ್ಲವ್ವ."

"ಕೆಟ್ಟಿದ್ದು ಗಂಟೆ ಕಣೇ. ಕಂಚು ಎಲ್ಲಿ ಕೆಟ್ಟೈತೆ? ಏಳು, ನಾನು ತಿದಿ ಒತ್ತೀನಿ."

ಸೌದೆಗೆ ಮನೆಯ ಬಾಗಿಲು ಕಿತ್ತರು, ಅಟ್ಟದ ಹಲಗೆ ಕಿತ್ತರು, ಮಂಚ ಮುರಿದರು. ಮೂರು ಸಲ ಸೋತ ಕಂಚು ನಾಲ್ಕನೆಯ ಸಲ ಕರಗಿತು. ಹೊಯ್ದ ಎರಕ ಗಟ್ಟಿಯಾದ ಮೇಲೆ ಎತ್ತು ಕಟ್ಟಿ ಎಳೆದು, ಅಚ್ಚನ್ನು ಸರಪಳಿಯಲ್ಲಿ ತೊಲೆಗೆ ತೂಗುಹಾಕಿದರು. ಉರಿಸಲು ಇನ್ನೊಂದು ಕಡ್ಡಿಯೂ ಉಳಿದಿರಲಿಲ್ಲ. ಎತ್ತನ್ನು ಕಟ್ಟಿ ಬರುತ್ತೇನೆಂದು ಕಾಳವ್ವ ಹೊರಗೆ ಹೋದಳು. ಅಷ್ಟರಲ್ಲಿ ಕೋಟೆಗೋಡೆಯ ಮೇಲಿನ ಕೊನೆಯ ಕೆಂಡವೂ ಆರಿ, ಮಂಜು ಗೋಡೆ ದಾಟಿ ಅಂಗಳಕ್ಕೆ ಬಂತು. ದ್ಯಾವಿ ತಿರುಗಿ ನೋಡಿದರೆ ಎತ್ತಿನ ಪಕ್ಕದಲ್ಲಿ ಒಂದು ಕೊಕ್ಕರೆ ನಿಂತಿತ್ತು.

"ಅವ್ವಾ!"

ಮಂಜು ಒಳಗೆ ನುಗ್ಗಿತು, ಆದರೆ ಅಚ್ಚಿನ ಕಾವಿಗೆ ಹೆದರಿ ಸುತ್ತಲೂ ನಿಂತಿತು. ದ್ಯಾವಿ ಅಚ್ಚಿನ ಪಕ್ಕದಲ್ಲೇ ನಿಂತಳು. ಮಂಜಿನೊಳಗಿಂದ ಕಾವಳನ ದನಿ ಬಂತು.

"ಅಚ್ಚು ಆರಿದರೆ ನಿನ್ನ ಕಾವಲು ಹೋಯಿತು, ನೀನೂ ಕೊಕ್ಕರೆ. ಈಗಲೇ ಒಡೆ, ಬಾರಿಸು! ನಿನ್ನವ್ವ ಬದುಕುತ್ತಾಳೆ."

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಗಂಟೆ ಆರಬೇಕು, ಆರಿದರೆ ಮಂಜು ಮುಟ್ಟುತ್ತದೆ. ಈಗಲೇ ಒಡೆದರೆ ಮತ್ತೆ ಸೀಳು. ದ್ಯಾವಿಯ ಕಣ್ಣು ತಾಯಿಯ ಕಡೆಗೇ ಇತ್ತು. ಆದರೂ ಅವಳು ಕೊಡತಿ ಎತ್ತಲಿಲ್ಲ.

"ಬೇಯೋ ತನಕ ಕಾದೋಳು, ಆರೋ ತನಕ ಕಾಯಕ್ಕಾಗಲ್ವಾ?" ಎಂದು ತನಗೆ ತಾನೇ ಹೇಳಿಕೊಂಡು ಎಡಗೈಯನ್ನು ಅಚ್ಚಿನ ಮೇಲಿಟ್ಟಳು.

ಸುಡುತ್ತಿತ್ತು. ಕಾದಳು. ಮಂಜು ಹತ್ತಿರ ಸರಿದು ಪಾದ ಮುಟ್ಟಿತು, ಬೆರಳುಗಳು ಕೊಕ್ಕರೆಯ ಬೆರಳಾದವು. ಕೈಗೆ ಇನ್ನೂ ಚುರುಕ್ ಅನ್ನುತ್ತಿತ್ತು. ಕಾದಳು. ಸೊಂಟದವರೆಗೆ ಬಿಳಿ ಪುಕ್ಕ ಮೂಡಿತು. ಅಚ್ಚು ಬೆಚ್ಚಗಾಯಿತು. ಕಾದಳು. ಎಡತೋಳು ರೆಕ್ಕೆಯಾಗುವ ಹೊತ್ತಿಗೆ ಅಂಗೈಯ ಕೆಳಗಿನ ಮಣ್ಣು ತಣ್ಣಗಾಗಿತ್ತು.

ಆಗ ಉಳಿದಿದ್ದ ಒಂದೇ ಕೈಯಿಂದ ದ್ಯಾವಿ ಕೊಡತಿ ಬೀಸಿದಳು. ಮಣ್ಣು ಉದುರಿ ಗಂಟೆ ಹೊಂಬಣ್ಣದಲ್ಲಿ ಹೊಳೆಯಿತು. ಎಲ್ಲೂ ಸೀಳಿಲ್ಲ. ಎರಡನೆಯ ಏಟು ಗಂಟೆಯ ಅಂಚಿಗೇ ಬಿತ್ತು.

ಢಣ್‌ಣ್‌ಣ್!

ಆ ದನಿ ಬೀದಿ ದಾಟಿತು, ಕೋಟೆ ದಾಟಿತು, ಹೊಲ ದಾಟಿತು. ಮಂಜು ಹಳೆಯ ಬಟ್ಟೆಯಂತೆ ಪರಪರ ಹರಿಯಿತು. ಬೋಳುಗುಡ್ಡದ ಮೇಲೆ ಕಾವಳ ಕಿವಿ ಮುಚ್ಚಿಕೊಂಡ, ಕೈಯೇ ಹೊಗೆಯಾಯಿತು. ಓಡಲು ಕಾಲೆತ್ತಿದ, ಕಾಲೂ ಹೊಗೆಯಾಯಿತು. ಗಂಟೆಯ ದನಿ ಆರುವಷ್ಟರಲ್ಲಿ ಅಲ್ಲಿ ಬಂಡೆ ಒದ್ದೆಯಾಗಿದ್ದದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

ಬಯಲಲ್ಲಿ ನಿಂತ ಕೊಕ್ಕರೆಗಳೆಲ್ಲ ಎತ್ತಿದ್ದ ಕಾಲನ್ನು ಕೆಳಗಿಟ್ಟು ಮನುಷ್ಯರಾದವು. ದ್ಯಾವಿಯ ಪುಕ್ಕ ಉದುರಿ ರೆಕ್ಕೆ ಮತ್ತೆ ಕೈಯಾಯಿತು. ಕಾಳವ್ವ ಕೂದಲಿನಿಂದ ಪುಕ್ಕ ಕೊಡವಿಕೊಳ್ಳುತ್ತಾ ಓಡಿಬಂದು ಮಗಳನ್ನು ತಬ್ಬಿಕೊಂಡಳು. ಹೋಗಿದ್ದ ಗಾಡಿಗಳು ಹಿಂದಿರುಗಿದವು. ರಾಜ ಎಲ್ಲರೆದುರು ದ್ಯಾವಿಗೆ ಕೈ ಮುಗಿದ. ಮಂತ್ರಿ ಮಾತ್ರ ಜನರ ಹಿಂದೆ ನಿಂತು ನೆಲ ನೋಡುತ್ತಿದ್ದ.

ಎಲ್ಲರಿಗಿಂತ ಕೊನೆಗೆ ಮುದ್ದಯ್ಯ ಬಂದ. ಮಗಳ ಮುಖ ಸವರಿದ, ಆಮೇಲೆ ಗಂಟೆಯನ್ನು ಒಮ್ಮೆ ಬಾರಿಸಿದ. ದನಿ ಪೂರ್ತಿ ಆರುವವರೆಗೆ ಅಪ್ಪ ಮಗಳಿಬ್ಬರೂ ಉಸಿರಾಡಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಇಂಥದ್ದು ನನ್ನ ಕೈಲೂ ಬಂದಿರಲಿಲ್ಲ ಮಗಾ," ಎಂದ. ಆಮೇಲೆ ಅಂಚನ್ನು ಬೆರಳಲ್ಲಿ ತಡವಿ, "ಅಂಚು ಒಂದು ಎಳೆ ದಪ್ಪ ಆಯ್ತು," ಎಂದ.

"ನನಗೂ ಹಂಗೇ ಅನ್ನಿಸ್ತು ಕಣಪ್ಪ," ಎಂದಳು ದ್ಯಾವಿ. "ನಾಳೆ ಇನ್ನೊಂದು ಹೊಯ್ಯಣ."

ಹಾಗೆ ಸುರಗಿಪುರದಲ್ಲಿ ಗಂಟೆಗಳು ಹೆಚ್ಚಿದವು, ಎತ್ತುಗಳು ಹಾಡುತ್ತಾ ನಡೆದವು, ಜನ ಉಂಡುಟ್ಟು ನಕ್ಕು ನಲಿದು ಬಾಳಿದರು. ಅವರ ಗಂಟೆ ಅವರಿಗಿರಲಿ, ಕೇಳಿದ ನಮ್ಮ ಕಿವಿಯೂ ತಂಪಾಗಿರಲಿ.